ಲೋಬೊ ಮನೆಯ ಎರಡು ಕವಲು: ಮನೆತನದ ಹೆಸರಿನ ಮೂಲ ಹುಡುಕಿದ ಒಂದು ಡಿಎನ್‌ಎ ಪ್ರಕರಣ

ಈ ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಆದರೂ ಜನರ ಹೆಸರು, ಊರು, ಇಗರ್ಜಿ (ಚರ್ಚು) ಎಲ್ಲವನ್ನೂ ಬದಲಾಯಿಸಿದ್ದೇನೆ ಅಥವಾ ಬಿಟ್ಟಿದ್ದೇನೆ. ಮನೆತನದ ಹೆಸರನ್ನೂ ಅಷ್ಟೇ. ಇಲ್ಲಿ ಅದು ಲೋಬೊ ಅಂತಿರಲಿ. ಮಂಗಳೂರು ಕಡೆಯ ಕ್ಯಾಥೋಲಿಕರಲ್ಲಿ ಸಾವಿರಾರು ಲೋಬೊಗಳಿದ್ದಾರೆ, ಯಾರೂ ತಮ್ಮ ಮೇಲೆ ಹಾಕಿಕೊಳ್ಳಬೇಕಿಲ್ಲ.

ನಾನು ಹಳೆಯ ದಾಖಲೆ ಓದಿ ವಂಶವೃಕ್ಷ ಮಾಡಿಕೊಡುವ ಕೆಲಸವನ್ನು ಆಸಕ್ತಿಯಿಂದ ಮಾಡಿಕೊಂಡು ಬಂದವನು. ಡಿಎನ್‌ಎ ಪರೀಕ್ಷೆ ಮಾಡಿಸಬೇಕು ಅಂತ ಕೇಳಿಕೊಂಡು ಬರುವವರು ಈಚೆಗೆ ಜಾಸ್ತಿ. ಅವರಿಗೆಲ್ಲ ನಾನು ಹೇಳುವುದು ಈ ಮನೆಯ ಕತೆಯನ್ನೇ.

ಹಿನ್ನೆಲೆ

ಜೆನ್ನಿ ಟೊರೊಂಟೊದಲ್ಲಿ ನರ್ಸ್. ವಯಸ್ಸು 34. ತಂದೆ ತೀರಿಹೋದ ಮೇಲೆ ಮನೆಯ ಕತೆಗಳನ್ನು ಬರೆದಿಡಬೇಕು ಅನ್ನಿಸಿತಂತೆ. ಆ ಮನೆಯಲ್ಲಿ ಎರಡು ಕತೆಗಳಿದ್ದವು. ಒಂದು, ಮೂಲಪುರುಷ ಒಬ್ಬ ಪೋರ್ಚುಗೀಸ್ ಕಪ್ತಾನ, ಗೋವಾದಿಂದ ಹಡಗಿನಲ್ಲಿ ಬಂದು ಇಲ್ಲೇ ಮದುವೆಯಾದ ಅಂತ. ಇದಕ್ಕೆ ಸಾಕ್ಷಿ ಅಜ್ಜನ ಬೆಕ್ಕುಗಣ್ಣು. ಅಜ್ಜನ ಒಂದು ಫೋಟೊ ಇದೆ, ಕಪ್ಪುಬಿಳುಪಿನದು. ಅದರಲ್ಲೂ ಕಣ್ಣು ಮಾತ್ರ ಗಾಜಿನ ಗೋಲಿಯ ಹಾಗೆ ತಿಳಿಯಾಗಿ ಕಾಣುತ್ತದೆ. ಎರಡನೆಯ ಕತೆ, "ನಾವು ಪ್ರಭು ಪೈಕ್‌ನವರು" ಅನ್ನುವುದು. ಮಂಗಳೂರಿನ ಕ್ಯಾಥೋಲಿಕ್ ಮನೆಗಳಲ್ಲಿ ಮತಾಂತರಕ್ಕೆ ಮುಂಚಿನ ಹೆಸರಿಗೆ ಪೈಕ್ ಅನ್ನುತ್ತಾರೆ. ಪ್ರಭು, ಕಾಮತ್, ಶೆಣೈ, ನಾಯಕ್ ಹೀಗೆ. ಕೆಲವರು ಇಂದಿಗೂ ಅದನ್ನು ನೆನಪಿಟ್ಟುಕೊಂಡಿದ್ದಾರೆ.

ಎರಡೂ ಕತೆಯನ್ನು ಒಂದೇ ಹಬ್ಬದ ಊಟದಲ್ಲಿ, ಒಂದೇ ಬಾಯಿಂದ ಕೇಳಿದ್ದಾಳೆ ಜೆನ್ನಿ. ಆದರೆ ತಂದೆಯ ತಂದೆಯ ತಂದೆ ಅಂತ ಹಿಂದೆ ಹೋದರೆ ತುದಿಯಲ್ಲಿ ಸಿಗುವುದು ಒಬ್ಬನೇ ತಾನೆ? ಅವನು ಕಪ್ತಾನನೂ ಪ್ರಭುವೂ ಆಗಿರಲು ಸಾಧ್ಯವಿಲ್ಲ. ಅವಳ ಪ್ರಶ್ನೆ ಇದೇ ಆಗಿತ್ತು. ಲೋಬೊ ಅನ್ನುವ ಹೆಸರು ನಮಗೆ ರಕ್ತದಿಂದ ಬಂತಾ, ಇಲ್ಲಾ ಯಾರಾದರೂ ಕೊಟ್ಟಿದ್ದಾ?

ಕಾಗದದಲ್ಲಿ ಉತ್ತರ ಸಿಗುವ ಹಾಗಿರಲಿಲ್ಲ. ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ. ಅಲ್ಲಿ ಮತಾಂತರವಾದವರಿಗೆ ಜ್ಞಾನಸ್ನಾನದ ಹೊತ್ತಿನಲ್ಲಿ ಪಾದ್ರಿಯ ಅಥವಾ ಗಾಡ್‌ಫಾದರ್ ಆಗಿ ನಿಂತವನ ಮನೆತನದ ಹೆಸರು ಇಡುವುದು ರೂಢಿ. 1560ರಲ್ಲಿ ಅಲ್ಲಿ ಇಂಕ್ವಿಸಿಷನ್, ಅಂದರೆ ಮತದ ಕಟ್ಟಳೆ ಮೀರಿದವರನ್ನು ವಿಚಾರಿಸಿ ಶಿಕ್ಷಿಸುವ ನ್ಯಾಯಾಲಯ, ಶುರುವಾಯಿತು. ಅದರ ಭಯ, ಬರ, ಯುದ್ಧ, ತೆರಿಗೆ ಅಂತ ಬೇರೆ ಬೇರೆ ಕಾಲದಲ್ಲಿ ಜನ ತೆಂಕಣಕ್ಕೆ ಬಂದರು. ಕೆಳದಿಯ ನಾಯಕರ ಸೀಮೆಯಲ್ಲಿ ಬೇಸಾಯ ಮಾಡಿಕೊಂಡು ನಿಂತರು. 1784ರಲ್ಲಿ ಟಿಪ್ಪು ಕೆನರಾದ ಕ್ಯಾಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಹೆಚ್ಚಿನ ಇಗರ್ಜಿಗಳು ನೆಲಸಮವಾದವು. 1799ರಲ್ಲಿ ಟಿಪ್ಪು ಸತ್ತ ಮೇಲೆ ಉಳಿದವರು ವಾಪಸು ಬಂದರು. ಹಾಗಾಗಿ ಇಲ್ಲಿನ ಬಹಳ ಮನೆಗಳ ಇಗರ್ಜಿ ದಾಖಲೆ 19ನೇ ಶತಮಾನದಿಂದ ಈಚೆಗೆ ಮಾತ್ರ ಸಿಗುತ್ತದೆ. ಜೆನ್ನಿಯ ಮನೆಯ ವಂಶವೃಕ್ಷವೂ 1840ರ ಸುಮಾರಿಗೆ ಹುಟ್ಟಿದ ಒಬ್ಬ ಮುತ್ತಾತನ ಹತ್ತಿರ ನಿಂತಿತ್ತು. ಅವನಿಗೆ ಇಬ್ಬರು ಗಂಡುಮಕ್ಕಳು ಅಂತ ಬರೆದಿತ್ತು. ಅಣ್ಣನ ಕವಲಿನವಳು ಜೆನ್ನಿ. ತಮ್ಮನ ಕವಲಿನವರು ಘಟ್ಟದ ಬುಡದ ಹಳೆಯ ಮನೆಯಲ್ಲೇ ಉಳಿದವರು.

ಮೊದಲ ಪರೀಕ್ಷೆ, ಮೊದಲ ತಪ್ಪು

ನನ್ನ ಹತ್ತಿರ ಬರುವ ಹೊತ್ತಿಗೆ ಜೆನ್ನಿ ಒಂದು ಪರೀಕ್ಷೆ ಮಾಡಿಸಿಯೇ ಬಿಟ್ಟಿದ್ದಳು. ಮನೆಗೆ ಕಿಟ್ ತರಿಸಿ, ಕೊಳವೆಯಲ್ಲಿ ಉಗುಳಿ ಕಳಿಸುವುದು. ತಂದೆ ತಾಯಿ ಇಬ್ಬರಿಂದಲೂ ಬಂದ ಡಿಎನ್‌ಎ ನೋಡಿ ಯಾವ ಸೀಮೆಯದು ಎಷ್ಟು ಶೇಕಡಾ ಅಂತ ಹೇಳುವ ಪರೀಕ್ಷೆ. ಅದರಲ್ಲಿ "ದಕ್ಷಿಣ ಯುರೋಪ್ ಶೇ 1" ಅಂತ ಬಂದಿತ್ತು. ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಸಂಭ್ರಮವೋ ಸಂಭ್ರಮ. ಕಪ್ತಾನ ಸಿಕ್ಕಿಬಿಟ್ಟ!

ಆ ಶೇ 1ರ ಮೇಲೆ ಏನನ್ನೂ ಕಟ್ಟಬೇಡ ಅಂತ ನಾನು ಹೇಳಿದೆ. ಈ ಶೇಕಡಾ ಅನ್ನುವುದು ಅಳತೆಯಲ್ಲ, ಅಂದಾಜು. ಕಂಪನಿಯ ಬಳಿ ಬೇರೆ ಬೇರೆ ಸೀಮೆಯ ಜನರ ಮಾದರಿಗಳಿರುತ್ತವೆ. ನಿಮ್ಮ ಡಿಎನ್‌ಎಯ ತುಣುಕು ಅದರಲ್ಲಿ ಯಾವುದಕ್ಕೆ ಹೋಲುತ್ತದೆ ಅಂತ ಲೆಕ್ಕ ಹಾಕುತ್ತಾರೆ. ಮಾದರಿಗಳ ಪಟ್ಟಿ ಬದಲಾದರೆ ಉತ್ತರವೂ ಬದಲಾಗುತ್ತದೆ. ಇನ್ನೊಂದು ವಿಷಯ ಇದೆ. ಪ್ರತಿ ತಲೆಮಾರಿಗೂ ಹಿರಿಯರ ಪಾಲು ಅರ್ಧ ಆಗುತ್ತಾ ಹೋಗುತ್ತದೆ. ಹತ್ತು ತಲೆಮಾರಿನ ಹಿಂದೆ ಒಬ್ಬ ಕಪ್ತಾನ ಇದ್ದದ್ದು ನಿಜವೇ ಆದರೂ ಅವನ ಒಂದು ತುಣುಕೂ ಇಂದಿನವರಲ್ಲಿ ಉಳಿಯದೆ ಇರಬಹುದು. ಅಂದರೆ ಶೇ 1 ಇದ್ದರೂ ಅವನು ಇದ್ದ ಅಂತಲ್ಲ, ಸೊನ್ನೆ ಬಂದರೂ ಇರಲಿಲ್ಲ ಅಂತಲ್ಲ. ಆಮೇಲೆ ಕಂಪನಿ ತನ್ನ ಲೆಕ್ಕವನ್ನು ಹೊಸದು ಮಾಡಿದಾಗ ಜೆನ್ನಿಯ ಆ ಶೇ 1 ಕಾಣೆಯೇ ಆಯಿತು.

ಬೆಕ್ಕುಗಣ್ಣಿನ ಮಾತೂ ಹಾಗೆಯೇ. ತಿಳಿಗಣ್ಣಿನವರು ಕೊಂಕಣ ಕರಾವಳಿಯಲ್ಲಿ ಎಲ್ಲ ಮತದಲ್ಲೂ ಇದ್ದಾರೆ. ಚಿತ್ಪಾವನರ ಮನೆಗಳಲ್ಲಿ ಎಷ್ಟು ಜನರಿಗಿಲ್ಲ ಹೇಳಿ.

ಹೆಸರು ನಡೆದ ದಾರಿಯಲ್ಲೇ ನಡೆಯುವ ಡಿಎನ್‌ಎ

ಈ ಮನೆಯಲ್ಲಿ ಹೆಸರು ತಂದೆಯಿಂದ ಮಗನಿಗೆ ಬಂದದ್ದು. ಹಾಗೇ ಬರುವ ಡಿಎನ್‌ಎ ಒಂದೇ, ವೈ ಕ್ರೋಮೋಸೋಮ್. ತಂದೆ ಅದನ್ನು ಮಗನಿಗೆ ಹೆಚ್ಚುಕಡಿಮೆ ಇದ್ದ ಹಾಗೆಯೇ ದಾಟಿಸುತ್ತಾನೆ. ಎಷ್ಟೋ ತಲೆಮಾರಿಗೊಮ್ಮೆ ಒಂದು ಸಣ್ಣ ಬದಲಾವಣೆ ಬೀಳುತ್ತದೆ. ಆ ಬದಲಾವಣೆಗಳನ್ನು ಎಣಿಸಿ ಇಬ್ಬರು ಗಂಡಸರು ಎಷ್ಟು ಹತ್ತಿರದವರು ಅಂತ ಹೇಳಬಹುದು. ಹೆಂಗಸರಲ್ಲಿ ವೈ ಇಲ್ಲ. ಜೆನ್ನಿ ಎಷ್ಟು ಸಲ ಉಗುಳಿ ಕಳಿಸಿದರೂ ಅವಳ ಪ್ರಶ್ನೆಗೆ ಅವಳಿಂದ ಉತ್ತರ ಬರುವುದಿಲ್ಲ.

ಇಂಗ್ಲೆಂಡಿನಲ್ಲಿ ಇದನ್ನು ಮಾಡಿ ನೋಡಿದ್ದಾರೆ. ಆಕ್ಸ್‌ಫರ್ಡಿನ ಬ್ರಯಾನ್ ಸೈಕ್ಸ್ 2000ದಲ್ಲಿ ತನ್ನದೇ ಮನೆತನದ ಹೆಸರಿನ 48 ಗಂಡಸರನ್ನು ಪರೀಕ್ಷಿಸಿದ. ಅರ್ಧದ ಹತ್ತಿರ ಜನರ ವೈ ಒಂದೇ ಥರ ಇತ್ತು. ಸೈಕ್ಸ್ ಮನೆತನ ಒಬ್ಬನಿಂದಲೇ ಶುರುವಾಗಿರಬಹುದು ಅಂತ ಅದರಿಂದ ಹೇಳಿದ. ಅಪರೂಪದ ಹೆಸರಾದರೆ ಹೀಗಾಗುವುದು ಜಾಸ್ತಿ. ಸ್ಮಿತ್ ಥರದ ಹೆಸರಿಗೆ ಇದು ನಡೆಯುವುದಿಲ್ಲ. ಊರೂರಿಗೆ ಒಬ್ಬ ಕಮ್ಮಾರ ಇದ್ದ, ಊರೂರಲ್ಲೂ ಒಂದು ಸ್ಮಿತ್ ಮನೆ ಹುಟ್ಟಿತು.

ಜೆನ್ನಿಯ ತಂದೆಯ ಅಣ್ಣ ಆಗ ಟೊರೊಂಟೊದಲ್ಲೇ ಮಗನ ಮನೆಗೆ ಬಂದಿದ್ದರು. 81 ವರ್ಷ. ಕೊಂಕಣಿಯಲ್ಲಿ ಅವಳು ಅವರನ್ನು ಬಾಪ್ಪು ಅನ್ನುತ್ತಾಳೆ, ನಾನೂ ಹಾಗೇ ಬರೆಯುತ್ತೇನೆ. ಕೆನ್ನೆಯ ಒಳಗೆ ಬ್ರಷ್ಷಿನಂಥ ಕಡ್ಡಿ ತಿಕ್ಕಿ ಕೊಡಬೇಕು ಅಂದಾಗ ಬಾಪ್ಪು ಕೇಳಿದ್ದು ಒಂದೇ ಮಾತು. "ಪ್ರಭು ಅಂತ ಬರುತ್ತದಾ ಅದರಲ್ಲಿ?" ಜೆನ್ನಿ ನಕ್ಕಳು. ನಾನು ಆಗಲೇ ಕುಳಿತು ಸರಿಯಾಗಿ ಮಾತಾಡಬೇಕಿತ್ತು. ಏನು ಬರಬಹುದು, ಬಂದರೆ ಯಾರಿಗೆ ಹೇಳುವುದು, ಹೇಳಬಾರದ್ದು ಬಂದರೆ ಏನು ಮಾಡುವುದು ಅಂತ. ಮಾತಾಡಲಿಲ್ಲ. ಈ ಪ್ರಕರಣದಲ್ಲಿ ನನ್ನಿಂದ ಆದ ದೊಡ್ಡ ತಪ್ಪು ಅದು.

ಬಾಪ್ಪುವಿನ ಫಲಿತಾಂಶ

ವೈಯ ಮೇಲಿನ 37 ಜಾಗಗಳನ್ನು, ಅಂದರೆ ಗುರುತುಗಳನ್ನು, ನೋಡುವ ಪರೀಕ್ಷೆ ಮೊದಲು, ಆಮೇಲೆ ಅದಕ್ಕಿಂತ ಆಳದ್ದು. ತೀರಾ ಹಿಂದಿನ ಒಬ್ಬನೇ ಹಿರಿಯನಿಂದ ಇಳಿದ ವೈಗಳನ್ನು ಒಂದು ಗುಂಪು ಮಾಡಿ ಹೆಸರಿಡುತ್ತಾರೆ. ಬಾಪ್ಪುವಿನ ವೈ ಆರ್1ಎ ಅನ್ನುವ ಗುಂಪಿನದು, ಅದರಲ್ಲೂ ದಕ್ಷಿಣ ಏಷ್ಯಾದಲ್ಲಿ ಹರಡಿರುವ ಕೊಂಬೆಯದು. ಪೋರ್ಚುಗಲ್ಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಗಂಡಸರಲ್ಲಿ ಇರುವುದು ಆರ್1ಬಿ. ಹೆಸರು ಕೇಳಲು ಅಕ್ಕಪಕ್ಕದ್ದು ಅನ್ನಿಸಿದರೂ ಎರಡೂ ಬೇರೆಯಾಗಿ ಹತ್ತಾರು ಸಾವಿರ ವರ್ಷ ಆಗಿದೆ. ಅಲ್ಲಿಗೆ ಕಪ್ತಾನನ ಕತೆ ಮುಗಿಯಿತು, ತಂದೆಯ ಕಡೆಯ ಮಟ್ಟಿಗೆ.

ಇದು ಅಚ್ಚರಿಯೇನಲ್ಲ. ಹೈದರಾಬಾದಿನ ಜೀವಕೋಶ ಮತ್ತು ಅಣುಜೀವವಿಜ್ಞಾನ ಸಂಶೋಧನಾ ಕೇಂದ್ರದ (ಸಿಸಿಎಂಬಿ) ಕುಮಾರಸಾಮಿ ತಂಗರಾಜ್, ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ನೀರಜ್ ರೈ ಮತ್ತು ಅವರ ತಂಡದವರು ಗೋವಾ, ಕುಮಟಾ, ಮಂಗಳೂರಿನ 110 ಕ್ಯಾಥೋಲಿಕರ ಡಿಎನ್‌ಎ ನೋಡಿ 2021ರಲ್ಲಿ ಪ್ರಕಟಿಸಿದ್ದಾರೆ. ಗಂಡಸರ ವೈಯಲ್ಲಿ ಶೇ 40ಕ್ಕಿಂತ ಜಾಸ್ತಿ ಆರ್1ಎ. ಇವರ ಬೇರು ಬಹುತೇಕ ಇಲ್ಲಿನದೇ, ಗೌಡ ಸಾರಸ್ವತರಿಗೆ ಹತ್ತಿರದ್ದು ಅಂತ ಅವರ ಅಭಿಪ್ರಾಯ.

ಬಾಪ್ಪು ಖುಷಿಯಾದರು. ಮನೆಯಲ್ಲಿ ಇನ್ನೊಂದು ಮಾತು ಶುರುವಾಯಿತು. "ನೋಡಿ, ನಾವು ಪ್ರಭುಗಳೇ. ಬ್ರಾಹ್ಮಣರೇ. ಡಿಎನ್‌ಎಯಲ್ಲೇ ಬಂದಿದೆ." ಇದನ್ನು ಅಲ್ಲೇ ತಡೆಯಬೇಕು ಅನ್ನಿಸಿ ಉದ್ದವಾಗಿ ಬರೆದು ಕಳಿಸಿದೆ. ಆರ್1ಎ ಜಾತಿಯ ಹೆಸರಲ್ಲ. ಅದು ಬ್ರಾಹ್ಮಣರಲ್ಲಿದೆ, ಬೇಸಾಯದ ಜಾತಿಗಳಲ್ಲಿದೆ, ಆಂಧ್ರದ ಚೆಂಚು ಬುಡಕಟ್ಟಿನವರಲ್ಲೂ ಇದೆ. ಜಾತಿಗಳಿಗೆ ಇಂದಿನ ಹೆಸರು ಬರುವುದಕ್ಕಿಂತ ಎಷ್ಟೋ ಹಿಂದಿನದು. ಪ್ರಭು ಅನ್ನುವ ಪೈಕ್ ನಿಜವಿರಬಹುದು, ಆದರೆ ಈ ಪರೀಕ್ಷೆ ಅದನ್ನು ಹೇಳುವುದಿಲ್ಲ. ಹೇಳಬೇಕಾದರೆ ಕೊಂಕಣಿ ಮಾತಾಡುವ ಪ್ರಭು ಮನೆಗಳವರೂ ಪರೀಕ್ಷೆ ಮಾಡಿಸಿ, ಅವರ ಗುರುತು ಬಾಪ್ಪುವಿನ ಗುರುತಿಗೆ ತೀರಾ ಹತ್ತಿರ ಕೂರಬೇಕು. ಕಂಪನಿಯ ಪಟ್ಟಿಯಲ್ಲಿ ನಮ್ಮ ಕರಾವಳಿಯವರು ಬೆರಳೆಣಿಕೆಯಷ್ಟೂ ಇರಲಿಲ್ಲ. ಬಾಪ್ಪುವಿನ ಹೊಂದಾಣಿಕೆಯ ಪಟ್ಟಿ ಖಾಲಿ ಇತ್ತು. ಯುರೋಪಿನ ಮೂಲದವನೊಬ್ಬ ಇದೇ ಪರೀಕ್ಷೆ ಮಾಡಿಸಿದರೆ ಎಷ್ಟೋ ಸಲ ಡಜನ್‌ಗಟ್ಟಲೆ ಹೆಸರು ಬರುತ್ತದೆ. ನಮ್ಮವರು ಇದನ್ನು ತಿಳಿದುಕೊಂಡೇ ದುಡ್ಡು ಹಾಕಬೇಕು.

ಹೋಲಿಸಲು ಇನ್ನೂ ಕೆಲವರು ಬೇಕಿತ್ತು. ಬಾಪ್ಪುವಿನ ಚಿಕ್ಕಪ್ಪನ ಮಗ ಒಬ್ಬರು ಒಪ್ಪಿದರು, 37ರಲ್ಲಿ 36 ಹೊಂದಿತು. ಅಣ್ಣನ ಕವಲು ಗಟ್ಟಿ ಅಂತಾಯಿತು. ಇನ್ನೊಂದು ಊರಿನ, ಸಂಬಂಧ ಗೊತ್ತಿಲ್ಲದ ಒಬ್ಬ ಲೋಬೊ ಕೂಡ ಬಂದರು. ಅವರದ್ದು ಜೆ2, ಬೇರೆಯೇ ಗುಂಪು. ಇದು ಬಹಳ ಮುಖ್ಯವಾದ ಸುಳಿವು. ಒಬ್ಬ ಲೋಬೊ ಪಾದ್ರಿ ಒಂದೇ ದಿನ ನಾಲ್ಕು ಮನೆಗೆ ಜ್ಞಾನಸ್ನಾನ ಕೊಟ್ಟಿದ್ದರೆ ನಾಲ್ಕೂ ಮನೆ ಲೋಬೊ ಆಗುತ್ತದೆ. ನಾಲ್ವರ ರಕ್ತ ನಾಲ್ಕು ಥರ. ನಮ್ಮ ಲೋಬೊ, ಡಿಸೋಜ, ಪಿಂಟೊ ಎಲ್ಲ ಸ್ಮಿತ್ ಥರದ ಹೆಸರು, ಸೈಕ್ಸ್ ಥರದ್ದಲ್ಲ. ಹೆಸರು ಒಂದೇ ಅಂತ ಮೂಲ ಒಂದೇ ಅಲ್ಲ.

ಎಡವಿದ್ದು ಇಲ್ಲಿ

ಮೂರನೆಯವರು ತಮ್ಮನ ಕವಲಿನ ಹಿರಿಯರು. ಎಲ್ಲರೂ ಅವರನ್ನು ಅಂಕಲ್ ಅನ್ನುತ್ತಾರೆ. 70 ದಾಟಿದವರು, ಹಳೆಯ ಮನೆ, ಅಡಿಕೆ ತೋಟ ನೋಡಿಕೊಂಡವರು. ಆಗ ಲಂಡನ್ನಿನಲ್ಲಿ ಮಗಳ ಬಾಣಂತನಕ್ಕೆ ಹೆಂಡತಿಯ ಜೊತೆ ಹೋಗಿದ್ದರು. ಜೆನ್ನಿ ಅಲ್ಲಿಗೇ ಕಿಟ್ ಕಳಿಸಿದಳು. ಇದು ಸುಮ್ನೆ ಖಚಿತ ಮಾಡಿಕೊಳ್ಳಲು, ಎರಡು ಕವಲೂ ಕೂಡಿದರೆ ಮುತ್ತಾತನ ವೈ ಇಂಥದ್ದು ಅಂತ ನಿಲ್ಲಿಸಬಹುದು ಅನ್ನುವ ಲೆಕ್ಕ.

ಅಂಕಲ್‌ರ ಫಲಿತಾಂಶ ಎಚ್ ಗುಂಪು. ಇದೂ ಪೂರಾ ಈ ನೆಲದ್ದೇ, ದಕ್ಷಿಣ ಏಷ್ಯಾದಲ್ಲಿ ತುಂಬಾ ಹಳೆಯದು. ಆದರೆ ಆರ್1ಎ ಮತ್ತು ಎಚ್ ಕೂಡುವುದು ಹತ್ತಾರು ಸಾವಿರ ವರ್ಷದ ಹಿಂದೆ. ಒಬ್ಬನೇ ಮುತ್ತಾತನ ಇಬ್ಬರು ಗಂಡುಮಕ್ಕಳ ಕವಲು ಆಗಿರಲು ಸಾಧ್ಯವೇ ಇಲ್ಲ.

ಜೆನ್ನಿ ರಾತ್ರಿ ಪಾಳಿ ಮುಗಿಸಿ ಬಂದು ಫೋನಿನಲ್ಲಿ ಅದನ್ನು ನೋಡಿದ್ದು. ಅರ್ಥ ಪೂರ್ತಿ ಆಗಲಿಲ್ಲ. ಸ್ಕ್ರೀನ್‌ಶಾಟ್ ತೆಗೆದು ಮನೆಯ ಗ್ರೂಪಿಗೆ ಹಾಕಿ "ಇದೇನು?" ಅಂತ ಕೇಳಿದಳು. 43 ಜನರ ಗ್ರೂಪು. ಯಾರೋ ಒಬ್ಬ ಹುಡುಗ ಗೂಗಲ್ ಮಾಡಿ ಬರೆದ, "ಅಂದರೆ ಅಂಕಲ್ ನಮ್ಮವರಲ್ಲ." ಇನ್ನೊಬ್ಬರು ಹಳೆಯ ಪ್ರಭು ಮಾತು ತೆಗೆದು ಜಾತಿಯ ಒಂದು ಮಾತು ಸೇರಿಸಿದರು. ಅದನ್ನು ಇಲ್ಲಿ ಬರೆಯಲಾರೆ. ನಲವತ್ತು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಗ್ರೂಪಿನಲ್ಲಿ ಒಂದು ಸಾಲು ಬಂತು, ಅಂಕಲ್ ಹೊರಗೆ ಹೋದರು ಅಂತ.

ಲಂಡನ್ನಿನಿಂದ ಅವರ ಹೆಂಡತಿ ಜೆನ್ನಿಗೆ ಫೋನ್ ಮಾಡಿದರು. ಬೈಯಲಿಲ್ಲ. "ಇವರು ಊಟ ಬಿಟ್ಟು ಕೂತಿದ್ದಾರೆ ಮಗಾ. ಅಜ್ಜಿಯ ಮೇಲೆ ಮಾತು ಬಂತಲ್ಲ ಅಂತ" ಅಂದರಂತೆ. ವೈ ಕೂಡದೇ ಹೋದರೆ ಮೊದಲು ಅನುಮಾನ ಬೀಳುವುದು ತೀರಿಹೋದ ಒಬ್ಬ ಹೆಂಗಸಿನ ಮೇಲೆ. ಅವಳು ಬಂದು ಉತ್ತರ ಹೇಳುವ ಹಾಗಿಲ್ಲ. ಇದು ನನ್ನ ಎದೆಗೆ ತಾಕಿತು. ಇಂಥ ಪರೀಕ್ಷೆಗೆ ಕೈ ಹಾಕುವ ಯಾರೇ ಆದರೂ ಈ ಒಂದು ಫೋನ್ ಕರೆಯನ್ನು ನೆನಪಿಟ್ಟುಕೊಳ್ಳಲಿ ಅನ್ನುವುದು ನನ್ನ ಆಸೆ.

ಏನು ಮಾಡಿದೆವು

ಮೊದಲು ಆ ಸ್ಕ್ರೀನ್‌ಶಾಟ್ ಅಳಿಸಿದಳು ಜೆನ್ನಿ. ಅಂಕಲ್‌ಗೆ ತಾನೇ ಫೋನ್ ಮಾಡಿ ಕ್ಷಮೆ ಕೇಳಿದಳು. ಇಲ್ಲಿಗೆ ಬಿಟ್ಟುಬಿಡುವುದೋ ಮುಂದುವರಿಸುವುದೋ ಅನ್ನುವುದನ್ನು ಅವರಿಗೇ ಬಿಟ್ಟೆವು. ಅವರ ಮಾದರಿಯನ್ನೂ ಖಾತೆಯನ್ನೂ ಅಳಿಸಲು ಕಂಪನಿಗೆ ಬರೆದುಕೊಡುತ್ತೇವೆ ಅಂತಲೂ ಹೇಳಿದೆವು. 2023ರಲ್ಲಿ ಇಂಥದೇ ಡಿಎನ್‌ಎ ಪರೀಕ್ಷೆ ಮಾಡುವ ಟ್ವೆಂಟಿತ್ರೀ ಆ್ಯಂಡ್ ಮಿ ಕಂಪನಿಯಿಂದ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿಹೋಯಿತು. 2025ರ ಮಾರ್ಚಿನಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ಅಳಿಸಿ ಅನ್ನುವ ಹಕ್ಕು ಮಾದರಿ ಕೊಟ್ಟವರದ್ದು, ಕಿಟ್ಟಿಗೆ ದುಡ್ಡು ಕೊಟ್ಟವರದ್ದಲ್ಲ.

ಹನ್ನೊಂದು ದಿನ ಬಿಟ್ಟು ಅಂಕಲ್ ಹೇಳಿ ಕಳಿಸಿದರು. "ಅರ್ಧಕ್ಕೆ ಬಿಟ್ಟರೆ ಜನ ಅಂದದ್ದೇ ಉಳಿಯುತ್ತದೆ. ಪೂರ್ತಿ ನೋಡಿ."

ಆಮೇಲೆ ನಡೆದ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಈ ಪ್ರಕರಣದ ತಿರುಳು ಇರುವುದು ಇಲ್ಲೇ.

ವೈ ಕೂಡದೇ ಹೋಗಲು ಕಾರಣ ಹಲವು. ದತ್ತು ಇರಬಹುದು. ವಿಧವೆಯ ಮೊದಲ ಗಂಡನ ಮಗ ಎರಡನೆಯ ಗಂಡನ ಹೆಸರು ಹೊತ್ತಿರಬಹುದು. ಹೆಸರು ಮಗಳ ಮೂಲಕ ದಾಟಿರಬಹುದು. ಮದುವೆಯ ಹೊರಗಿನ ಮಗುವೂ ಇರಬಹುದು. ಪಟ್ಟಿಯಲ್ಲಿ ಕೊನೆಯದು ಒಂದು ಮಾತ್ರ, ಜನರ ಬಾಯಿಗೆ ಮೊದಲು ಬರುವುದೂ ಅದೇ. ಇಂಗ್ಲೆಂಡಿನ ರಾಜ ಮೂರನೆಯ ರಿಚರ್ಡನ ಎಲುಬು 2012ರಲ್ಲಿ ಲೆಸ್ಟರಿನಲ್ಲಿ ಸಿಕ್ಕಿತು. ತಾಯಿಯ ಕಡೆಯ ಡಿಎನ್‌ಎ ಇಂದಿನ ವಂಶಸ್ಥರಿಗೆ ಹೊಂದಿತು, ಗಂಡು ಕವಲಿನ ವೈ ಹೊಂದಲಿಲ್ಲ. ರಾಜವಂಶದ ದಾಖಲೆಯೇ ಹಾಗೆ ಅಂದಮೇಲೆ ಗದ್ದೆ ಮಾಡಿಕೊಂಡಿದ್ದ ಮನೆಯ ಮಾತೇನು.

ಇದರಲ್ಲಿ ಯಾವುದು ಅಂತ ವೈ ಹೇಳುವುದಿಲ್ಲ. ಹಾಗಾಗಿ ಬಾಪ್ಪು ಮತ್ತು ಅಂಕಲ್ ಇಬ್ಬರಿಗೂ ತಂದೆ ತಾಯಿ ಎರಡೂ ಕಡೆಯ ಡಿಎನ್‌ಎ ನೋಡುವ ಪರೀಕ್ಷೆ ಮಾಡಿಸಿದೆವು. ವಂಶವೃಕ್ಷದ ಪ್ರಕಾರ ಅವರಿಬ್ಬರ ತಂದೆಯಂದಿರು ಅಣ್ಣತಮ್ಮಂದಿರ ಮಕ್ಕಳು. ಇಷ್ಟು ಹತ್ತಿರದವರಲ್ಲಿ ಸರಾಸರಿ 230 ಸೆಂಟಿಮೋರ್ಗನ್ (ಇಬ್ಬರಲ್ಲೂ ಒಂದೇ ಇರುವ ಡಿಎನ್‌ಎ ತುಣುಕುಗಳನ್ನು ಅಳೆಯುವ ಮಾನ) ಡಿಎನ್‌ಎ ಹಂಚಿಕೆ ಇರುತ್ತದೆ. ಹಿಂದುಮುಂದು ಸಾಕಷ್ಟು ಆಗಬಹುದು. ಇವರಲ್ಲಿ ಬಂದದ್ದು 260ರ ಸುಮಾರು.

ಇಲ್ಲಿ ಒಂದು ಎಚ್ಚರ ಬೇಕು. ನಮ್ಮಲ್ಲಿ ಶತಮಾನಗಳಿಂದ ಒಳಗೊಳಗೇ ಮದುವೆ. ಎಲ್ಲರೂ ಎಲ್ಲರಿಗೂ ಸ್ವಲ್ಪ ಸ್ವಲ್ಪ ನೆಂಟರು. ಕಂಪನಿ ಹೇಳುವ "ಇಂಥ ನೆಂಟ" ಅನ್ನುವ ಅಂದಾಜು ಅದರಿಂದ ಉಬ್ಬುತ್ತದೆ. ಅದಕ್ಕೇ ನಾನು ಆ ಬೇರೆ ಊರಿನ ಲೋಬೊ ಜೊತೆಗೂ ಹೋಲಿಸಿದೆ. ಅವರಿಗೂ ಬಾಪ್ಪುವಿಗೂ 30ರ ಸುಮಾರು ಹಂಚಿಕೆ ಇತ್ತು, ಎಲ್ಲ ಚೂರು ಚೂರು. ಬಾಪ್ಪು ಮತ್ತು ಅಂಕಲ್ ನಡುವೆ ಇದ್ದದ್ದು ಉದ್ದುದ್ದದ ತುಣುಕುಗಳು. ಉದ್ದ ತುಣುಕು ಹತ್ತಿರದ ಹಿರಿಯರಿಂದಲೇ ಬರಬೇಕು.

ಅಂದರೆ ಅಂಕಲ್ ಖಂಡಿತ ಆ ಮನೆಯವರೇ. ಮುತ್ತಾತ ಮುತ್ತಜ್ಜಿಯ ರಕ್ತ ಅವರಲ್ಲಿ ಬಾಪ್ಪುವಿನಲ್ಲಿ ಇದ್ದಷ್ಟೇ ಇದೆ. ವೈ ಮಾತ್ರ ಇಲ್ಲ. ಗಂಡು ಕವಲಿನಲ್ಲಿ ಯಾರೋ ಹೊರಗಿನವರ ಮಗ ಬಂದಿದ್ದರೆ ಈ ಹಂಚಿಕೆಯೂ ಹೋಗಿಬಿಡಬೇಕಿತ್ತು ಅಥವಾ ಅರ್ಧಕ್ಕೆ ಇಳಿಯಬೇಕಿತ್ತು. ಇಳಿಯಲಿಲ್ಲ. ಹಾಗಾದರೆ ಆ "ತಮ್ಮ" ತಮ್ಮನೇ ಅಲ್ಲ, ತಂಗಿಯ ಗಂಡ ಅನ್ನುವುದು ಹೆಚ್ಚು ಕೂಡಿಬರುವ ಉತ್ತರ. ಆದರೆ ಒಂದೇ ಅಂಕಿಯ ಮೇಲೆ ಇಷ್ಟು ದೊಡ್ಡ ಮಾತು ನಿಲ್ಲಿಸುವ ಧೈರ್ಯ ನನಗಿರಲಿಲ್ಲ. ಕಾಗದ ಬೇಕಿತ್ತು.

ರಿಜಿಸ್ಟರ್

ಆ ಊರಿನ ಇಗರ್ಜಿಯ ಪಾದ್ರಿಯವರು ಒಳ್ಳೆಯ ಮನಸ್ಸಿನವರು. ಅಂಕಲ್ ಊರಿಗೆ ವಾಪಸು ಬಂದ ಮೇಲೆ, ಅವರ ಜೊತೆಗೇ ಹೋಗಿ ಕೇಳಿದೆ. ಬೀರುವಿನಿಂದ ತೆಗೆದುಕೊಟ್ಟ ಪುಸ್ತಕದ ಬೆನ್ನು ಕಳಚಿತ್ತು. ಹಾಳೆಯ ಅಂಚನ್ನು ಗೆದ್ದಲು ತಿಂದು ಜಾಲರಿ ಮಾಡಿತ್ತು. ಶಾಯಿ ಕಂದು ಬಣ್ಣಕ್ಕೆ ತಿರುಗಿತ್ತು. ಬರಹ ಲ್ಯಾಟಿನ್. ಬೆರಳು ತಾಗಿಸದೆ ಬಟ್ಟೆಯ ತುಂಡಿನಿಂದ ಒಂದೊಂದೇ ಹಾಳೆ ತಿರುವಿದೆವು.

ಎರಡು ಮಧ್ಯಾಹ್ನ ಹಿಡಿಯಿತು. 1890ರ ದಶಕದ ಒಂದು ಮದುವೆ ಸಿಕ್ಕಿತು. ಹೆಣ್ಣು ಲೋಬೊ ಮನೆಯ ಮಗಳು, ತಂದೆಯ ಹೆಸರು ನಮ್ಮ ಮುತ್ತಾತನದ್ದೇ. ಗಂಡು ಬೇರೆ ಊರಿನವನು. ಅವನ ಮನೆತನದ ಹೆಸರನ್ನು ಇಲ್ಲಿ ರೆಗೊ ಅನ್ನೋಣ. ಅವರ ಮೊದಲ ಎರಡು ಮಕ್ಕಳ ಜ್ಞಾನಸ್ನಾನದ ದಾಖಲೆಯಲ್ಲಿ ತಂದೆಯ ಹೆಸರು ರೆಗೊ ಅಂತಲೇ ಇದೆ. ಮೂರನೆಯ ಮಗುವಿನ ಹೊತ್ತಿಗೆ ಅದೇ ಮನುಷ್ಯ, ಅದೇ ಹೆಂಡತಿ, ಲೋಬೊ ಅಂತ ಬರೆದಿದೆ. ಆ ಮೂರನೆಯ ಮಗು ಅಂಕಲ್‌ರ ತಂದೆ.

ಮನೆಅಳಿಯ!

ಅಂಕಲ್ ಆಗ ಒಂದು ಹಳೆಯ ಮಾತು ನೆನಪಿಸಿಕೊಂಡರು. ಅಣ್ಣ ಚಿಕ್ಕಮಗಳೂರಿನ ಕಾಫಿ ತೋಟಕ್ಕೆ ರೈಟರ್ ಆಗಿ ಹೋದದ್ದು, ಮನೆಯಲ್ಲಿ ಗದ್ದೆ ನೋಡಲು ಗಂಡಾಳು ಇಲ್ಲದೆ ಹೋದದ್ದು. ಗದ್ದೆ ಮೂಲಗೇಣಿಯದು, ಅಂದರೆ ಕಾಯಂ ಗೇಣಿಯದು, ಲೋಬೊ ಹೆಸರಿನಲ್ಲಿತ್ತು. ಮಗಳಿಗೆ ಗಂಡು ತಂದು ಮನೆಯಲ್ಲೇ ಇಟ್ಟುಕೊಂಡರು. ಊರವರು ಆ ಮನೆಯವನನ್ನು ಲೋಬೊ ಅಂದರು, ಪಾದ್ರಿಯೂ ಹಾಗೇ ಬರೆದರು. ಎರಡು ತಲೆಮಾರು ಕಳೆಯುವಾಗ ಭಾವನೆಂಟ ತಮ್ಮ ಆಗಿಹೋದ. ಮಗಳ ಹೆಸರು ವಂಶವೃಕ್ಷದಲ್ಲೇ ಇರಲಿಲ್ಲ. ಅದರಲ್ಲಿ ಗಂಡಸರ ಹೆಸರು ಮಾತ್ರ ಬರೆದಿದ್ದರು.

ಬೇರೆಯವರಿಗೆ ಇದರಿಂದ ಏನು ಸಿಗುತ್ತದೆ

ಪರೀಕ್ಷೆಗೆ ಮುಂಚೆ ಹೆಸರು ಯಾವ ದಾರಿಯಲ್ಲಿ ಬಂದದ್ದು ಅಂತ ಕೇಳಿಕೊಳ್ಳಿ. ನಮ್ಮ ನಾಡಿನಲ್ಲಿ ಆ ದಾರಿ ಒಂದೇ ಅಲ್ಲ. ಇದೇ ತುಳುನಾಡಿನಲ್ಲಿ, ಪಕ್ಕದ ಬಂಟರ ಮನೆಯಲ್ಲಿ, ಬಿಲ್ಲವರ ಮನೆಯಲ್ಲಿ ಬಳಿ, ಅಂದರೆ ಕುಲದ ಹೆಸರು, ಬರುವುದು ತಾಯಿಯಿಂದ. ಆಸ್ತಿ ಸೋದರಮಾವನಿಂದ ಸೋದರಳಿಯನಿಗೆ ಹೋಗುತ್ತಿತ್ತು. ಅಂಥ ಮನೆಯ ಬಳಿ ಹುಡುಕಲು ವೈ ಪರೀಕ್ಷೆ ಮಾಡಿಸಿದರೆ ಪ್ರತಿ ತಲೆಮಾರಿಗೂ ದಾರಿ ತಪ್ಪುತ್ತದೆ. ಅಲ್ಲಿ ನೋಡಬೇಕಾದದ್ದು ತಾಯಿಯಿಂದ ಮಕ್ಕಳಿಗೆ ದಾಟುವ ಮೈಟೊಕಾಂಡ್ರಿಯದ ಡಿಎನ್‌ಎ. ಹಳೆ ಮೈಸೂರು ಕಡೆ ಎಷ್ಟೋ ಮನೆಗಳಲ್ಲಿ ಮನೆತನದ ಹೆಸರೇ ಇಲ್ಲ. ಊರಿನ ಹೆಸರಿನ ಮೊದಲಕ್ಷರ, ಅಪ್ಪನ ಹೆಸರಿನ ಮೊದಲಕ್ಷರ. ಅವರು ಹೆಸರಿನ ಮೂಲ ಹುಡುಕಬೇಕಾದರೆ ಕೊಳವೆ ಬೇಡ, ಊರಿನ ಬಸ್ಸು ಸಾಕು.

ಹಿರಿಯರನ್ನು ಮೊದಲು ಪರೀಕ್ಷಿಸಿ. ಬಾಪ್ಪುವಿನ ಬದಲು ಜೆನ್ನಿಯ ಡಿಎನ್‌ಎಯನ್ನು ಅಂಕಲ್ ಜೊತೆ ಹೋಲಿಸಿದ್ದರೆ ಹಂಚಿಕೆ ಅರ್ಧಕ್ಕೆ ಇಳಿದು ಯಾವ ಉತ್ತರವೂ ನಿಲ್ಲುತ್ತಿರಲಿಲ್ಲ. ಇಬ್ಬರನ್ನೇ ಹೋಲಿಸಿ ನಿಲ್ಲಿಸಬೇಡಿ. ನಮಗೆ ದಾರಿ ತೋರಿಸಿದ್ದು ಆ ಸಂಬಂಧವಿಲ್ಲದ ಲೋಬೊ.

ಮಾದರಿ ಕೊಡುವ ಪ್ರತಿಯೊಬ್ಬರ ಜೊತೆ ಕೂತು ಮಾತಾಡಿ. ಅವರ ಭಾಷೆಯಲ್ಲಿ, ಅವರಿಗೆ ಬಿಡುವಿದ್ದಾಗ. ಈಗ ನಾನು ಒಂದು ಚೀಟಿ ಬರೆಸಿಕೊಳ್ಳುತ್ತೇನೆ. ಫಲಿತಾಂಶ ಮೊದಲು ಯಾರಿಗೆ, ಕೂಡದಿದ್ದರೆ ಯಾರಿಗೆ ಹೇಳಬಾರದು, ಯಾವಾಗ ಅಳಿಸಬೇಕು. ಗ್ರೂಪಿಗೆ ಹಾಕುವುದಿಲ್ಲ ಅನ್ನುವುದು ಅದರ ಮೊದಲ ಸಾಲು. ಈ ಚೀಟಿ ಮೊದಲೇ ಇದ್ದಿದ್ದರೆ ಒಬ್ಬ ಹಿರಿಯರು ಪರದೇಶದಲ್ಲಿ ಊಟ ಬಿಟ್ಟು ಕೂರಬೇಕಾಗುತ್ತಿರಲಿಲ್ಲ.

ಲೋಬೊ ಅನ್ನುವ ಹೆಸರನ್ನು ಮೊದಲು ಕೊಟ್ಟವರು ಯಾರು ಅಂತ ಸಿಗಲಿಲ್ಲ, ಸಿಗುವ ಹಾಗೂ ಕಾಣುವುದಿಲ್ಲ. ಅದು ರಕ್ತದಿಂದ ಬಂದದ್ದಲ್ಲ, ಕೊಟ್ಟದ್ದು ಅನ್ನುವಷ್ಟು ಬಾಪ್ಪುವಿನ ಫಲಿತಾಂಶ ಹೇಳಿತು. ಎರಡನೆಯ ಸಲ ಅದನ್ನು ಕೊಟ್ಟವಳು ಒಬ್ಬ ಮಗಳು ಅನ್ನುವುದನ್ನು ರಿಜಿಸ್ಟರ್ ಹೇಳಿತು.

ಆ ದಿನ ಇಗರ್ಜಿಯಲ್ಲಿ ಅಂಕಲ್ ಒಂದೇ ಸಾಲಿನ ಮೇಲೆ ಕನ್ನಡಕ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದರು. ಅವರ ತಂದೆಯ ಜ್ಞಾನಸ್ನಾನದ ಸಾಲು. ಅದರಲ್ಲಿ "ಫಿಲಿಯುಸ್ ಲೆಜಿತಿಮುಸ್" ಅಂತಿತ್ತು. ಹಾಗಂದರೇನು ಅಂತ ಕೇಳಿದರು. ಧರ್ಮಸಮ್ಮತವಾದ ಮದುವೆಯಲ್ಲಿ ಹುಟ್ಟಿದ ಮಗ ಅಂತ ಪಾದ್ರಿಯವರು ಹೇಳಿದರು. ಅಂಕಲ್ ಆ ಹಾಳೆಯ ಫೋಟೊ ತೆಗೆಯಲು ಅನುಮತಿ ಕೇಳಿದರು. ಕೈ ನಡುಗುತ್ತಿತ್ತು, ಎರಡು ಸಲ ಮಸುಕಾಗಿ ಬಂತು, ಮೂರನೆಯದು ಸರಿ ಬಂತು.

ಜೆನ್ನಿ ವಂಶವೃಕ್ಷವನ್ನು ಹೊಸದಾಗಿ ಬರೆದಳು. ಮುತ್ತಾತನ ಕೆಳಗೆ ಈಗ ಒಬ್ಬ ಮಗ, ಒಬ್ಬಳು ಮಗಳು. ಮಗಳ ಹೆಸರನ್ನು ಅಂಕಲ್ ತಮ್ಮ ಕೈಯಿಂದಲೇ ಬರೆಯುತ್ತೇನೆ ಅಂದರು. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆದು ಕಳಿಸಿದರು. ಗ್ರೂಪಿಗೆ ಅವರನ್ನು ಮತ್ತೆ ಸೇರಿಸಿದ್ದು ಬಾಪ್ಪು.